ಹನ್ನೊಂದನೇ ಕಾಲಂ

ಮೂಡಿಗೆರೆ ಕಡೆ ಕಾಫಿ ತೋಟ ಕೊಳ್ಳಲು ಬಂದವರು ಮೊದಲು ಗಿಡ ನೋಡುತ್ತಾರೆ. ಆಮೇಲೆ ಕೆರೆ, ನೆರಳುಮರ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಕಣ, ಲೈನುಮನೆ. ದರ ಕುದುರಿ ಅಡ್ವಾನ್ಸ್ ಕೈ ಬದಲಾಗುವ ಹೊತ್ತಿಗೆ ಜೊತೆಗೆ ಬಂದ ಹಿರಿಯರೊಬ್ಬರು ಕೇಳುತ್ತಾರೆ, ‘ಪಹಣಿ ತೆಗೆಸಿದ್ರಾ?’ ಪಹಣಿಯ ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರನ ಹೆಸರು. ಹನ್ನೊಂದರಲ್ಲಿ ‘ಇತರೆ ಹಕ್ಕುಗಳು ಮತ್ತು ಋಣಗಳು’. ಈ ಬೆಟ್ಟಗಳ ಚರಿತ್ರೆ ಓದಬೇಕೆನ್ನುವವರು ಹನ್ನೊಂದರಿಂದಲೇ ಶುರು ಮಾಡುವುದು ಒಳ್ಳೆಯದು.

ಹೇಮಾವತಿ ಹುಟ್ಟುವ ಜಾವಳಿಯಿಂದ ಹಿಡಿದು ಬಾಳೂರು, ಕಳಸದವರೆಗೆ ಸಾಲವಿಲ್ಲದೆ ಎದ್ದ ತೋಟ ಕಡಿಮೆ. ಅದಕ್ಕೆ ಬೆಳೆಗಾರನ ದುಂದು ಕಾರಣವಲ್ಲ, ಬೆಳೆಯ ಸ್ವಭಾವವೇ ಕಾರಣ. ಕಾಫಿ ಗಿಡ ನೆಟ್ಟ ಮೂರು ನಾಲ್ಕು ವರ್ಷಕ್ಕೆ ಮೊದಲ ಹಣ್ಣು ಕೊಡುತ್ತದೆ. ಕೈ ತುಂಬುವ ಫಸಲಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಅಲ್ಲಿಯವರೆಗೆ ಆಳು, ಗೊಬ್ಬರ, ಕಳೆ, ನೆರಳು ಕಸಿ ಎಲ್ಲಕ್ಕೂ ಕೈಯಿಂದ ಹಾಕಬೇಕು. ಫಸಲು ಬಂದ ಮೇಲೂ ವರ್ಷಕ್ಕೊಮ್ಮೆ ಮಾತ್ರ ದುಡ್ಡು. ಹಾಗಾಗಿ ಸಾಲ ಕೊಡುವವನು ಕೇಳುವ ಭದ್ರತೆ ನೆಲ, ಇಲ್ಲವೇ ಗಿಡದ ಮೇಲಿರುವ ಕಾಯಿ. ಆ ನೆಲವನ್ನು ಸಾಲಗಾರ ಸದ್ದಿಲ್ಲದೆ ಇನ್ನೊಬ್ಬರಿಗೆ ಮಾರಿಬಿಟ್ಟರೆ ಸಾಲ ಕೊಟ್ಟವನು ಯಾರನ್ನು ಹಿಡಿಯಬೇಕು? ಮಾರಿದವನನ್ನೋ, ಕೊಂಡವನನ್ನೋ, ನೆಲವನ್ನೋ? ಎರಡು ಶತಮಾನದಲ್ಲಿ ಈ ಪ್ರಶ್ನೆಗೆ ಇಲ್ಲಿ ಬೇರೆ ಬೇರೆ ಉತ್ತರ ಬಂದಿವೆ. ಯಾವ ಉತ್ತರವೂ ‘ಯಾರಿಗೆ ಗೊತ್ತಿತ್ತು, ಯಾರಿಗೆ ಗೊತ್ತಿರಬೇಕಿತ್ತು’ ಎನ್ನುವುದನ್ನು ದಾಟಿ ಹೋಗಿಲ್ಲ.

ಪ್ರಶ್ನೆ ಕಾಫಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಆ ಸ್ಮೃತಿಯ ವ್ಯವಹಾರ ಭಾಗದಲ್ಲಿ ಒಂದು ನಿಯಮವಿದೆ. ಸಾಮಾನ್ಯ ವ್ಯಾಜ್ಯಗಳಲ್ಲಿ ಕೊನೆಗೆ ನಡೆದ ವ್ಯವಹಾರಕ್ಕೆ ಬಲ. ಅಡವು, ದಾನ, ಕ್ರಯ ಈ ಮೂರರಲ್ಲಿ ಮಾತ್ರ ಮೊದಲು ನಡೆದದ್ದಕ್ಕೇ ಬಲ. ಅಂದರೆ ಇವತ್ತು ಅಡವಿಟ್ಟು ನಾಳೆ ಮಾರಿದರೆ ಅಡವು ಗೆಲ್ಲುತ್ತದೆ, ಕೊಂಡವನು ಅದನ್ನು ಹೊತ್ತುಕೊಂಡೇ ಒಳಗೆ ಬರುತ್ತಾನೆ. ಬರಿದೇ ಭದ್ರತೆಗೆ ಇಟ್ಟುಕೊಳ್ಳುವ ಅಡವು ಬೇರೆ, ಸಾಲ ಕೊಟ್ಟವನೇ ಉತ್ಪನ್ನ ಉಣ್ಣುವ ಅಡವು ಬೇರೆ ಎಂದೂ ಶಾಸ್ತ್ರಕಾರರು ವಿಂಗಡಿಸಿದ್ದರು. ಎರಡನೆಯದನ್ನು ನಮ್ಮ ಹಳ್ಳಿಗಳು ಇವತ್ತಿಗೂ ಭೋಗ್ಯ ಎನ್ನುತ್ತವೆ. ಭೋಗ್ಯದಲ್ಲಿ ಮೋಸ ಕಷ್ಟ: ಸಾಲ ಕೊಟ್ಟವನೇ ಗದ್ದೆಯಲ್ಲಿ ನಿಂತು ಉಳುತ್ತಿರುತ್ತಾನೆ, ಕೊಳ್ಳಲು ಬಂದವನಿಗೆ ಅವನು ಕಣ್ಣಿಗೆ ಬೀಳುತ್ತಾನೆ. ಊರೇ ದಾಖಲೆಯಾಗಿದ್ದ ಕಾಲಕ್ಕೆ ಇಷ್ಟು ಸಾಕಿತ್ತು.

ಕಾಫಿ ಬಂದ ಮೇಲೆ ಸಾಕಾಗಲಿಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಬಂಡವಾಳದ ಕಥೆ ಶುರುವಾಗುವುದು 1830ರ ಆಸುಪಾಸಿನಲ್ಲಿ ಚಿಕ್ಕಮಗಳೂರಿನ ಹತ್ತಿರ ಕ್ಯಾನನ್, 1843ರಲ್ಲಿ ಮಂಜರಾಬಾದಿನಲ್ಲಿ ಗ್ರೀನ್ ತೋಟ ಹಾಕಿದ ಮೇಲೆ. ಆಗ ಮೊದಲ ಸಾಲಿಗ, ಅಂದರೆ ಬಾಕಿ ಬರಬೇಕಾದವನು, ಸರ್ಕಾರವೇ. ಕಾಫಿಯ ಮೇಲೆ ‘ಹಲತ್ತು’ ಎಂಬ ತೆರಿಗೆ ಇತ್ತು. ಇದು ಎಕರೆಗಲ್ಲ, ಹೊರಗೆ ಹೋಗುವ ಕಾಫಿಯ ತೂಕಕ್ಕೆ. ಹತ್ತೊಂಬತ್ತನೇ ಶತಮಾನದ ನಡುವೆ ಅದು ಮಣಕ್ಕೆ ನಾಲ್ಕಾಣೆಗೆ ಇಳಿದಿತ್ತು. ಕಾಯಿ ಇಲ್ಲದಿದ್ದರೆ ತೆರಿಗೆ ಇಲ್ಲ. ತೋಟ ಯಾರ ಕೈಗೆ ಹೋದರೂ ಸರ್ಕಾರಕ್ಕೆ ಚಿಂತೆಯಿಲ್ಲ, ಮೂಟೆ ಹೊರಟಾಗ ಹಿಡಿದರಾಯಿತು. 1880ರ ದಶಕದಲ್ಲಿ ಇದು ಹೋಗಿ ಎಕರೆ ಲೆಕ್ಕದ ಕಂದಾಯ ಬಂತು. 1888ರ ಮೈಸೂರು ಭೂಕಂದಾಯ ಸಂಹಿತೆ ಬಂದ ಮೇಲೆ ಆ ಕಂದಾಯ ನೆಲಕ್ಕೇ ಅಂಟಿದ ಹೊರೆಯಾಯಿತು. ಬಾಕಿ ಇಟ್ಟು ತೋಟ ಮಾರಿದರೆ ಹೊಸ ಯಜಮಾನ ಕಟ್ಟಬೇಕು. ‘ನನಗೆ ಗೊತ್ತಿರಲಿಲ್ಲ’ ಎನ್ನುವ ಮಾತಿಗೆ ಅಮಲ್ದಾರರ ಕಚೇರಿಯಲ್ಲಿ ಬೆಲೆಯಿಲ್ಲ.

ಮಿಕ್ಕ ಸಾಲಿಗರಿಗೆ ಈ ಸುಖ ಇರಲಿಲ್ಲ. ಕಾಫಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಅಲ್ಲಿ ಹದವಾಗಿ ಹಡಗು ಹತ್ತುತ್ತಿತ್ತು. ಫಸಲಿನ ಮೇಲೆ ಮುಂಗಡ ಕೊಟ್ಟವನಿಗೆ ಒಂದೇ ಭಯ: ಕಣದಿಂದ ಎದ್ದ ಪಾರ್ಚ್‌ಮೆಂಟ್ ಕಾಫಿ ತನ್ನ ಗೋದಾಮಿಗೇ ಬರುತ್ತದೋ, ರಾತ್ರೋರಾತ್ರಿ ಬೇರೆಯವರ ಗಾಡಿ ಹತ್ತುತ್ತದೋ. ಕಾಯಿ ಗಿಡದಲ್ಲಿದ್ದಷ್ಟು ಹೊತ್ತು ಗುರುತು ಸಿಗುತ್ತದೆ, ಮೂಟೆಗೆ ಬಿದ್ದ ಮೇಲೆ ಯಾರ ತೋಟದ್ದೆಂದು ಯಾರು ಹೇಳಬೇಕು?

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸಾಲಗಾರನಾದ ಪ್ಲಾಂಟರೇ ಇನ್ನೊಂದು ಕಡೆ ಸಾಲಿಗನೂ ಆಗಿದ್ದ. ಘಟ್ಟದ ಕೆಳಗಿನಿಂದ ಬರುವ ಆಳುಗಳಿಗೆ ಮೇಸ್ತ್ರಿಯ ಮೂಲಕ ಮುಂಗಡ ಕೊಡುತ್ತಿದ್ದ. ಮುಂಗಡ ತಿಂದ ಆಳು ಕೆಲಸಕ್ಕೆ ಬಾರದಿದ್ದರೆ 1859ರ ಹದಿಮೂರನೇ ಕಾಯ್ದೆ ಇತ್ತು: ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ ಮಾಡಬಹುದು, ಮೀರಿದರೆ ಮೂರು ತಿಂಗಳವರೆಗೆ ಜೈಲು. ಅಡವಿಟ್ಟ ತೋಟವನ್ನು ಮಾರಿಕೊಂಡ ಯಜಮಾನನಿಗೆ ಸಾಮಾನ್ಯವಾಗಿ ಎದುರಾಗುತ್ತಿದ್ದುದು ಸಿವಿಲ್ ದಾವೆ, ವಾಯಿದೆ, ಮತ್ತೆ ವಾಯಿದೆ. ಕೆಲವೇ ರೂಪಾಯಿಯ ಮುಂಗಡಕ್ಕೆ ಜೈಲು, ಸಾವಿರಗಟ್ಟಲೆಯ ಅಡವಿಗೆ ಕಾಗದ. ಆ ಕಾಯ್ದೆ ರದ್ದಾಗಲು 1920ರ ದಶಕದವರೆಗೆ ಕಾಯಬೇಕಾಯಿತು.

1860ರ ದಶಕದ ನಡುವೆ ಕಾಂಡಕೊರಕ ಬಂತು. ಬಿರುಬಿಸಿಲಿನ ವರ್ಷಗಳಲ್ಲಿ ಬಿಳಿ ಕಾಂಡಕೊರಕ ತೋಟ ತೋಟವನ್ನೇ ಟೊಳ್ಳು ಮಾಡಿತು. ‘ಚಿಕ್’ ಎಂಬ ಹಳೆಯ ತಳಿ ಸೊರಗಿ, ಕೂರ್ಗ್ ತಳಿ ಹಾಕಿ ಮತ್ತೆ ಎದ್ದು ನಿಲ್ಲಬೇಕಾಯಿತು. ರಾಬರ್ಟ್ ಎಲಿಯಟ್ ಎಂಬ ಮಂಜರಾಬಾದಿನ ಪ್ಲಾಂಟರು 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಯ ಬಗ್ಗೆ ಬರೆದ ಪುಸ್ತಕದಲ್ಲಿ ಆ ದಿನಗಳ ವಿವರ ಸಿಗುತ್ತದೆ. ಸಿಲೋನಿನಲ್ಲಿ ಇನ್ನೂ ಘೋರ. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಹದಿನೈದು ವರ್ಷದಲ್ಲಿ ಕಾಫಿಯನ್ನೇ ಮುಗಿಸಿತು. ತೋಟಗಳ ಮೇಲೆ ಸಾಲ ಸುರಿದಿದ್ದ ಓರಿಯಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಅಡಮಾನ ಪತ್ರಗಳೆಲ್ಲ ಕ್ರಮಬದ್ಧವಾಗಿಯೇ ಇದ್ದಿರಬಹುದು, ಆದರೆ ಒಣಗಿದ ಗಿಡದ ಬೆಟ್ಟಕ್ಕೆ ಕೊಳ್ಳುವವನಿಲ್ಲದ ಮೇಲೆ ಹರಾಜಿನ ಹಕ್ಕಿಗೆ ಏನರ್ಥ?

ಇದೇ ಹೊತ್ತಿಗೆ, 1882ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಆಸ್ತಿ ಹಸ್ತಾಂತರ ಕಾಯ್ದೆ ಬಂತು. ಅಡಮಾನ ಎಂದರೆ ನೆಲದಲ್ಲಿರುವ ಹಕ್ಕಿನ ಒಂದು ಭಾಗವನ್ನೇ ಸಾಲ ಕೊಟ್ಟವನಿಗೆ ವರ್ಗಾಯಿಸುವುದು; ಆಮೇಲೆ ಮಾರಿದರೆ ಮಾರುವವನ ಕೈಯಲ್ಲಿ ಉಳಿದದ್ದಷ್ಟೇ ಮಾರಾಟವಾಗುತ್ತದೆ. ನೂರನೇ ಕಲಮಿನಲ್ಲಿ ಇನ್ನೊಂದು ಬಗೆ: ಯಾವ ಹಕ್ಕನ್ನೂ ವರ್ಗಾಯಿಸದೆ, ಈ ಸಾಲಕ್ಕೆ ಈ ನೆಲ ಹೊಣೆ ಎನ್ನುವುದಷ್ಟೇ. ಇದಕ್ಕೆ ವಕೀಲರು ‘ಚಾರ್ಜ್’ ಎನ್ನುತ್ತಾರೆ. ಜೀವನಾಂಶಕ್ಕಾಗಿ ವಿಧವೆಗೆ ಮನೆತನದ ತೋಟದ ಮೇಲೆ ಕೋರ್ಟು ಕೊಡಿಸುವ ಹಕ್ಕು ಇಂಥದ್ದು. ಪಾಲುಪಟ್ಟಿಯಲ್ಲಿ ತಮ್ಮನಿಗೆ ಕೊಡಬೇಕಾದ ಹಣಕ್ಕೆ ಅಣ್ಣನ ಪಾಲು ಹೊಣೆ ಎಂದು ಬರೆಸುವುದೂ ಇಂಥದ್ದೇ.

ಎರಡಕ್ಕೂ ದಾವೆಯ ದಾರಿ ಒಂದೇ. ಕೋರ್ಟಿಗೆ ಹೋಗಿ ಆಸ್ತಿ ಮಾರಿಸಿ ಹಣ ಪಡೆಯಬೇಕು, ಕೊಂಡವನನ್ನೂ ಪ್ರತಿವಾದಿ ಮಾಡಬೇಕು. ವ್ಯತ್ಯಾಸ ಕಾಣಿಸುವುದು ಕೊಂಡವನು ಬಾಯಿ ಬಿಟ್ಟಾಗ. ಚಾರ್ಜ್ ಇರುವ ನೆಲವನ್ನು ದುಡ್ಡು ಕೊಟ್ಟು, ಚಾರ್ಜ್ ಇದ್ದ ವಿಷಯ ತಿಳಿಯದೆ ಕೊಂಡವನ ಮೇಲೆ ಅದನ್ನು ಜಾರಿ ಮಾಡುವಂತಿಲ್ಲ ಎಂದು 1929ರ ತಿದ್ದುಪಡಿ ಸ್ಪಷ್ಟಪಡಿಸಿತು. ಅಡಮಾನಕ್ಕೆ ಈ ವಿನಾಯಿತಿ ಇಲ್ಲ. ಹಾಗೆಂದು ‘ತಿಳಿಯದೆ’ ಎನ್ನುವುದು ಬಾಯಿಮಾತಿಗೆ ಬಿಟ್ಟದ್ದೂ ಅಲ್ಲ. ಪತ್ರ ರಿಜಿಸ್ಟರ್ ಆಗಿದ್ದರೆ ಓದದಿದ್ದವನಿಗೂ ಗೊತ್ತಿತ್ತೆಂದೇ ಲೆಕ್ಕ. ನೆಲದಲ್ಲಿ ಬೇರೊಬ್ಬ ಇದ್ದರೆ ಅವನನ್ನು ಕೇಳದಿದ್ದವನಿಗೂ ಗೊತ್ತಿತ್ತೆಂದೇ ಲೆಕ್ಕ. ಭೋಗ್ಯದ ಕಾಲದ ಹಳ್ಳಿಯ ವಿವೇಕ ಕಾಯ್ದೆಯ ಮೂರನೇ ಕಲಮಿನಲ್ಲಿ ಹೀಗೆ ಉಳಿದುಕೊಂಡಿದೆ.

ಜೀವನಾಂಶದ ಚಾರ್ಜ್ ಇದ್ದ ಹೆಂಗಸರು ಇದರಲ್ಲಿ ಹೆಚ್ಚು ಪೆಟ್ಟು ತಿಂದರೆಂದು ನನ್ನ ಅನಿಸಿಕೆ. ಸಾಹುಕಾರನಿಗೆ ಪತ್ರ ರಿಜಿಸ್ಟರ್ ಮಾಡಿಸುವ ಬುದ್ಧಿಯೂ ಇತ್ತು, ಮೂಡಿಗೆರೆಗೆ ಹೋಗಿಬರುವ ಅನುಕೂಲವೂ ಇತ್ತು. ಪಂಚಾಯ್ತಿಕೆಯ ಬಾಯಿಮಾತು ನಂಬಿ ಒಳಮನೆಯಲ್ಲಿ ಕೂತವಳಿಗೆ ಎರಡೂ ಇರಲಿಲ್ಲ.

ತೋಟ ತುಂಡಾಗಿ ಮಾರಾಟವಾದಾಗ ಇನ್ನೊಂದು ತೊಡಕು. ಕಾಫಿ ತೋಟ, ಕೆಳಗಿನ ಗದ್ದೆ ಎರಡನ್ನೂ ಒಂದೇ ಸಾಲಕ್ಕೆ ಅಡವಿಟ್ಟವನು ಗದ್ದೆ ಮಾತ್ರ ಮಾರುತ್ತಾನೆ. ಸಾಲ ಕೊಟ್ಟವನಿಗೆ ಗದ್ದೆಯ ಮೇಲೆ ಬೀಳುವುದು ಸುಲಭ, ಕೊಂಡವನು ಬಡವ. ಆಗ ಕೊಂಡವನು ‘ಮೊದಲು ಅವನ ಕೈಯಲ್ಲಿ ಉಳಿದ ತೋಟದಿಂದ ವಸೂಲು ಮಾಡಿ, ಸಾಲದೇ ಹೋದರೆ ನನ್ನ ಹತ್ತಿರ ಬನ್ನಿ’ ಎಂದು ಕೇಳಬಹುದು. ಅದೇ ಕಾಯ್ದೆಯ 56ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ, ಸಾಲ ಕೊಟ್ಟವನಿಗೆ ನಷ್ಟವಾಗಬಾರದು ಅಷ್ಟೆ. ಪೂರ್ತಿ ಸಾಲ ತಾನೇ ಕಟ್ಟಿ ಬಿಡಿಸಿಕೊಂಡರೆ ಸಾಲ ಕೊಟ್ಟವನ ಜಾಗದಲ್ಲಿ ತಾನು ನಿಂತು ಮಾರಿದವನ ಮೇಲೆ ಹೋಗಬಹುದು. ಕಾಯ್ದೆಯ ಪುಸ್ತಕದಲ್ಲಿ ಕೊಂಡವನಿಗೆ ಇಷ್ಟು ಆಸರೆ ಇದೆಯೆಂದು ಹೇಳಿದರೆ ಇವತ್ತಿಗೂ ಹಲವರು ನಂಬುವುದಿಲ್ಲ.

ಸಾಹುಕಾರರು ಈ ರಗಳೆಯೇ ಬೇಡವೆಂದು ಬೇರೆ ದಾರಿ ಹಿಡಿದರು. ಸಾಲ ಕೊಡುವಾಗಲೇ ಶುದ್ಧ ಕ್ರಯಪತ್ರ ಬರೆಸಿಕೊಳ್ಳುವುದು, ‘ದುಡ್ಡು ಕೊಟ್ಟಾಗ ವಾಪಸು ಬರೆದುಕೊಡ್ತೀನಿ’ ಎಂದು ಬಾಯಲ್ಲಿ ಹೇಳುವುದು. ಪತ್ರದ ಪ್ರಕಾರ ಸಾಲಗಾರನೇ ಇಲ್ಲ, ಮಾರಿದವನಷ್ಟೇ ಇದ್ದಾನೆ. ವಾಪಸು ಕೊಡುವ ಷರತ್ತು ಅದೇ ಪತ್ರದೊಳಗೆ ಬರೆದಿಲ್ಲದಿದ್ದರೆ ಅದು ಅಡಮಾನವೆನಿಸುವುದಿಲ್ಲ ಎಂದೂ 1929ರ ತಿದ್ದುಪಡಿ ಹೇಳಿತು. ಪತ್ರ ಓದಬಲ್ಲವನಿಗೆ ಅನುಕೂಲವಾದ ಈ ನಿಯಮದಿಂದ ಹೆಬ್ಬೆಟ್ಟಿನವನಿಗೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಮೈಸೂರು ಸರ್ಕಾರ ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ದಿವಾನ್ ಶೇಷಾದ್ರಿ ಅಯ್ಯರ್ 1894ರಲ್ಲಿ ಕೃಷಿ ಬ್ಯಾಂಕುಗಳ ಯೋಜನೆ ತಂದರು, ಅದು ನಿಲ್ಲಲಿಲ್ಲ. 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1928ರಲ್ಲಿ ರೈತರ ಸಾಲದ ಲೆಕ್ಕವನ್ನು ಕೋರ್ಟು ಬಿಚ್ಚಿ ನೋಡಲು, ಕಂತು ಮಾಡಿಕೊಡಲು ಅವಕಾಶವಿರುವ ರೈತ ಪರಿಹಾರ ರೆಗ್ಯುಲೇಷನ್, ಮರುವರ್ಷ ಭೂ ಅಡಮಾನ ಬ್ಯಾಂಕು ಬಂದವು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತವೂ ಬಂತು.

ಕುಸಿತದ ನಂತರ, ಯುದ್ಧದ ನಡುವೆ, ಕಾಫಿಗೆ ಪೂಲ್ ವ್ಯವಸ್ಥೆ ಹುಟ್ಟಿತು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿದ ಮೇಲೆ ಅವನಿಗೆ ಉಳಿಯುತ್ತಿದ್ದುದು ಮಂಡಳಿಯಿಂದ ಕಂತು ಕಂತಾಗಿ ಹಣ ಪಡೆಯುವ ಹಕ್ಕು ಮಾತ್ರ. ಬೆಳೆಗಾರರು ಪೂಲನ್ನು ಬೈಯದ ದಿನವಿರಲಿಲ್ಲ. ಆದರೆ ಫಸಲಿನ ಮೇಲೆ ಸಾಲ ಕೊಟ್ಟವರ ಹಳೆಯ ಭಯಕ್ಕೆ ಇಂಥ ಔಷಧಿ ಮತ್ತೆ ಸಿಕ್ಕಿಲ್ಲ. ಮೂಟೆ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು, ಹಣ ಎಲ್ಲಿಂದ ಬರುತ್ತದೆಂದೂ ಗೊತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಪೂಲ್ ಸಡಿಲವಾಗಿ 1996ರಲ್ಲಿ ಎಲ್ಲರಿಗೂ ಮುಕ್ತ ಮಾರಾಟ ಸಿಕ್ಕಿತು. ಬೆಳೆಗಾರ ಗೆದ್ದ. ಫಸಲಿನ ಮೇಲಿನ ಚಾರ್ಜ್ ಮಾತ್ರ ಮತ್ತೆ ಕಣದ ಬಾಗಿಲಿಗೆ ಬಂದು ನಿಂತಿತು. ಬ್ಯಾಂಕುಗಳ ಕಣ್ಣು ಕಾಯಿಯಿಂದ ನೆಲದ ಕಡೆಗೆ ಇನ್ನಷ್ಟು ಹೊರಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ನೆಲದ ಮೇಲಿನ ಹಿಡಿತ ಅದಕ್ಕೂ ಮುಂಚೆಯೇ ಬಿಗಿಯಾಗಿತ್ತು. 1969ರ ರಾಷ್ಟ್ರೀಕರಣದ ನಂತರ ಕೃಷಿ ಸಾಲ ಹೆಚ್ಚಾದಾಗ, ಪ್ರತಿ ಸಾಲಕ್ಕೂ ಅಡಮಾನ ಪತ್ರ ರಿಜಿಸ್ಟರ್ ಮಾಡಿಸುವುದು ಬ್ಯಾಂಕಿಗೂ ರೈತನಿಗೂ ಹೊರೆಯಾಯಿತು. ತಲ್ವಾರ್ ಸಮಿತಿ ಮಾದರಿ ಕಾನೂನೊಂದನ್ನು ಸೂಚಿಸಿತು. ಕರ್ನಾಟಕ 1974ರಲ್ಲಿ ಕೃಷಿ ಸಾಲ ಕಾರ್ಯಾಚರಣೆಗಳ ಅಧಿನಿಯಮ ಮಾಡಿತು. ರೈತ ಒಂದು ಘೋಷಣೆಗೆ ಸಹಿ ಹಾಕಿದರೆ ಸಾಕು, ನೆಲದ ಮೇಲೆ ಬ್ಯಾಂಕಿನ ಚಾರ್ಜ್ ಹುಟ್ಟುತ್ತದೆ. ಘೋಷಣೆಯ ಒಂದು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತದೆ, ಹಕ್ಕುದಾಖಲೆಯಲ್ಲಿ ನಮೂದಾಗುತ್ತದೆ. ಸಹಕಾರ ಸಂಘಗಳಿಗೆ 1959ರ ಸಹಕಾರ ಕಾಯ್ದೆಯಲ್ಲೇ ಇಂಥ ಘೋಷಣೆಯ ದಾರಿ ಇತ್ತು. ಹನ್ನೊಂದನೇ ಕಾಲಂ ತುಂಬತೊಡಗಿದ್ದು ಹೀಗೆ. ಕೊಳ್ಳುವವನು ‘ತಿಳಿದಿರಲಿಲ್ಲ’ ಎನ್ನುವ ಬಾಗಿಲು ಮುಚ್ಚುತ್ತ ಬಂತು.

ಆದರೂ ಕೈಬರಹದ ಪಹಣಿಯ ಕಾಲದಲ್ಲಿ ಸಂದಿ ಇದ್ದೇ ಇತ್ತು. ಶಾನುಭೋಗರ ನಂತರ ಬಂದ ಗ್ರಾಮಲೆಕ್ಕಿಗರ ಪುಸ್ತಕಕ್ಕೆ ಬ್ಯಾಂಕಿನ ಪತ್ರ ಏರುವುದು ತಡವಾಗುವುದು, ಅಷ್ಟರಲ್ಲಿ ಕ್ರಯವಾಗುವುದು. ಪಟ್ಟಣದ ಬ್ಯಾಂಕಿನಲ್ಲಿ ಮೂಲಪತ್ರ ಇಟ್ಟು ಸಾಲ ಪಡೆಯುವ ಪದ್ಧತಿ ಇನ್ನೊಂದು ಸಂದಿ. ಸರ್ಕಾರ ಹೆಸರಿಸಿದ ಪಟ್ಟಣಗಳಲ್ಲಿ ಪತ್ರ ಒಪ್ಪಿಸಿದರೆ ಬರಹವಿಲ್ಲದೆಯೂ ಅಡಮಾನ ಆಗುತ್ತದೆ, ನೆಲ ಜಾವಳಿಯಲ್ಲಿದ್ದರೂ ಸರಿ. ಅದು ಮೂಡಿಗೆರೆಯ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುತ್ತಿರಲಿಲ್ಲ. ಕೊಳ್ಳುವವನಿಗೆ ಇದ್ದ ಒಂದೇ ಸುಳಿವು, ಮಾರುವವನು ಮೂಲಪತ್ರ ತೋರಿಸದೆ ಜೆರಾಕ್ಸ್ ಹಿಡಿದು ಓಡಾಡುವುದು. 2000ದ ಆಸುಪಾಸಿನಲ್ಲಿ ‘ಭೂಮಿ’ ಬಂದು ಪಹಣಿ ಕಂಪ್ಯೂಟರಿಗೆ ಏರಿತು. 2011ರಲ್ಲಿ ಕೇಂದ್ರದ ಭದ್ರತಾ ನೋಂದಣಿ ಸೆರ್ಸಾಯ್ ಶುರುವಾಯಿತು. ಈಗ ಬ್ಯಾಂಕುಗಳು ‘ಫ್ರೂಟ್ಸ್’ ತಂತ್ರಾಂಶದಲ್ಲಿ ಕೂತಲ್ಲಿಂದಲೇ ಚಾರ್ಜ್ ಏರಿಸುತ್ತವೆ.

ಮೊದಲ ಸಾಲಿಗನಾಗಿದ್ದ ಸರ್ಕಾರದ ಕಥೆ ಇಲ್ಲಿ ತಿರುವು ಪಡೆಯುತ್ತದೆ. ಭೂಕಂದಾಯದ ಅಗ್ರಸ್ಥಾನವನ್ನು ಬೇರೆ ತೆರಿಗೆಗಳಿಗೂ ಎಳೆಯಲು ಸರ್ಕಾರಗಳು ನೋಡಿದವು. ಅಹಮದಾಬಾದ್ ನಗರಪಾಲಿಕೆ ಹಳೆಯ ಮಾಲೀಕನ ತೆರಿಗೆ ಬಾಕಿಗೆ ಹೊಸಬನ ಆಸ್ತಿ ಹಿಡಿಯಹೋದಾಗ, ತಿಳಿಯದೆ ಕೊಂಡವನನ್ನು ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1971ರಲ್ಲಿ ಹೇಳಿತು. ಕರ್ನಾಟಕದ್ದೇ ಮೊಕದ್ದಮೆ 2006ರಲ್ಲಿ ತೀರ್ಮಾನವಾಯಿತು. ರಾಜ್ಯ ಹಣಕಾಸು ಸಂಸ್ಥೆ ಮಾರಿದ ಆಸ್ತಿಯನ್ನು ಶ್ರೇಯಸ್ ಪೇಪರ್ಸ್ ಕೊಂಡಿತ್ತು. ಹಿಂದಿನವರ ಮಾರಾಟ ತೆರಿಗೆ ಬಾಕಿ ಈ ಆಸ್ತಿಯ ಮೇಲೆ ಚಾರ್ಜ್ ಆಗಿದೆ, ಕಟ್ಟಿ ಎಂದಿತು ಇಲಾಖೆ. ಚಾರ್ಜ್ ಇರಬಹುದು, ಆದರೆ ಕೊಂಡವರಿಗೆ ಅದರ ತಿಳಿವಳಿಕೆ ಇರಲಿಲ್ಲವಾದ್ದರಿಂದ ನೂರನೇ ಕಲಮು ಅವರನ್ನು ಕಾಯುತ್ತದೆ ಎಂದಿತು ನ್ಯಾಯಾಲಯ. 2009ರಲ್ಲಿ ಕೇರಳದ ಮೊಕದ್ದಮೆಯಲ್ಲಿ, ರಾಜ್ಯ ಕಾನೂನು ಸ್ಪಷ್ಟವಾಗಿ ಮೊದಲ ಚಾರ್ಜ್ ಕೊಟ್ಟಿದ್ದರೆ ತೆರಿಗೆ ಬಾಕಿ ಬ್ಯಾಂಕಿಗಿಂತ ಮುಂದೆ ಎಂದಿತು. ಬ್ಯಾಂಕುಗಳು ಸುಮ್ಮನಿರಲಿಲ್ಲ. 2016ರ ತಿದ್ದುಪಡಿಯ ಒಂದು ಕಲಮು 2020ರ ಜನವರಿಯಲ್ಲಿ ಜಾರಿಗೆ ಬಂತು: ಸೆರ್ಸಾಯ್‌ನಲ್ಲಿ ನೋಂದಾಯಿಸಿದ ಬ್ಯಾಂಕಿನ ಸಾಲ ತೆರಿಗೆ, ಸೆಸ್ಸು, ಸರ್ಕಾರಿ ಬಾಕಿಗಳಿಗಿಂತ ಮುಂದೆ. ಹಲತ್ತಿನ ಕಾಲದಿಂದ ಸಾಲಿನ ತಲೆಯಲ್ಲಿ ನಿಂತಿದ್ದ ಸರ್ಕಾರ ಕೆಲವು ಕಡೆಯಾದರೂ ಒಂದು ಹೆಜ್ಜೆ ಹಿಂದೆ ಸರಿಯಿತು.

ಆ ತಿದ್ದುಪಡಿ ಆದದ್ದು 2002ರ ಸರ್ಫೇಸಿ ಕಾಯ್ದೆಗೆ. ಇದರಲ್ಲಿ ಬ್ಯಾಂಕಿಗೆ ಸಿವಿಲ್ ದಾವೆ ಬೇಕಿಲ್ಲ. ಅರವತ್ತು ದಿನದ ನೋಟಿಸು, ಆಮೇಲೆ ಸ್ವಾಧೀನ, ಹರಾಜು. ನೋಟಿಸು ಮುಟ್ಟಿದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಸಾಲಗಾರ ಆಸ್ತಿ ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ. ಕೃಷಿ ಜಮೀನಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾದರೆ ಕಾಫಿ ತೋಟ ಕೃಷಿ ಜಮೀನೇ? ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರು ಇತ್ತೀಚಿನ ವರ್ಷಗಳಲ್ಲಿ ಬೀದಿಗಿಳಿದದ್ದು ಈ ಪ್ರಶ್ನೆಗೇ. 1961ರ ಭೂಸುಧಾರಣಾ ಕಾಯ್ದೆ ಕಾಫಿ, ಏಲಕ್ಕಿ, ಮೆಣಸಿಗೆ ‘ಪ್ಲಾಂಟೇಷನ್’ ಎಂಬ ಬೇರೆ ಹೆಸರು ಕೊಟ್ಟು ಭೂಮಿತಿಯಿಂದ ಹೊರಗಿಟ್ಟಿತು. ಆಗ ಅದು ವರವಾಗಿತ್ತು. ಆದಾಯ ತೆರಿಗೆಯ ನಿಯಮ ಬೆಳೆಗಾರ ತಾನೇ ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ವರಮಾನದಲ್ಲಿ ಶೇಕಡಾ 25ನ್ನು ವ್ಯಾಪಾರದ್ದೆಂದು ಎಣಿಸುತ್ತದೆ. ಒಂದೇ ತೋಟ ಒಂದು ಕಚೇರಿಯಲ್ಲಿ ಕೃಷಿ, ಇನ್ನೊಂದರಲ್ಲಿ ಉದ್ಯಮ. ಪಹಣಿಯಲ್ಲಿ ಏನು ಬರೆದಿದೆ ಎನ್ನುವುದೊಂದೇ ಸಾಲದು, ನೆಲವನ್ನು ನಿಜಕ್ಕೂ ಯಾವುದಕ್ಕೆ ಬಳಸಲಾಗುತ್ತಿದೆ ಎಂದು ನೋಡಬೇಕೆಂದು ಸುಪ್ರೀಂ ಕೋರ್ಟು 2018ರ ಬ್ಲೂ ಕೋಸ್ಟ್ ಹೋಟೆಲ್ಸ್ ಮೊಕದ್ದಮೆಯಲ್ಲಿ ಹೇಳಿದೆ. ಗೋವಾದ ಹೋಟೆಲಿನ ಜಾಗದ ಬಗ್ಗೆ ಬಂದ ಆ ಮಾತನ್ನು ಮಲೆನಾಡಿನ ಬೆಳೆಗಾರ ತನ್ನ ಪರವಾಗಿ ಓದಿಕೊಳ್ಳಬಹುದು: ಕಸಿ, ಚಿಗುರು, ಗೊಬ್ಬರ, ಕೊಯ್ಲು ಕೃಷಿಯಲ್ಲದೆ ಇನ್ನೇನು?

2019ರ ಆಗಸ್ಟಿನಲ್ಲಿ ಜಾವಳಿಯ ಆಸುಪಾಸು, ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಎಲ್ಲ ಕೆಸರಿನಡಿ ಹೋದವು. ಇಂಥ ಕಡೆ ನೆಲ ಹೋಗುತ್ತದೆ, ಸರ್ವೆ ನಂಬರು ಪಹಣಿಯಲ್ಲಿ ಹಾಗೆಯೇ ಉಳಿಯುತ್ತದೆ, ಅದರೊಂದಿಗೆ ಸಾಲವೂ. ಅಡವಿಟ್ಟ ಆಸ್ತಿ ನಾಶವಾಗಿ ಭದ್ರತೆ ಸಾಲದಾದರೆ, ಬೇರೆ ಭದ್ರತೆ ಕೊಡಲು ಸಾಲಗಾರನಿಗೆ ಅವಕಾಶ ಕೊಟ್ಟು, ಕೊಡದಿದ್ದರೆ ಅವನ ಮೇಲೆ ನೇರವಾಗಿ ಹಣಕ್ಕೆ ದಾವೆ ಹೂಡಬಹುದೆಂದು 1882ರ ಕಾಯ್ದೆಯ 68ನೇ ಕಲಮು ಹೇಳುತ್ತದೆ. ಅದನ್ನು ಬರೆದವರಿಗೆ ಗುಡ್ಡವೇ ಜಾರುವ ಊರು ಕಣ್ಣ ಮುಂದಿತ್ತೋ ಇಲ್ಲವೋ. ಇಂಥ ನೆಲ ಕೊಳ್ಳಲು ಯಾರೂ ಬರುವುದಿಲ್ಲವಾದ್ದರಿಂದ, ಸಾಲಗಾರ ಗುಟ್ಟಾಗಿ ಮಾರಿಬಿಟ್ಟಾನೆಂಬ ಹಳೆಯ ಭಯ ಮಾತ್ರ ಬ್ಯಾಂಕಿಗೆ ಅಲ್ಲಿ ಇಲ್ಲ.